ಡಿಜಿಟಲ್ ಮಾಧ್ಯಮ ಸ್ನಾತಕೋತ್ತರ ಪದವಿ ಪ್ರವೇಶ

ಡಿಜಿಟಲ್ ಮಾಧ್ಯಮ ಸ್ನಾತಕೋತ್ತರ ಪದವಿ ಪ್ರವೇಶ ಎಂಬುದು ಗಣಕ, ಅಂತರಜಾಲ, ಅನಿಮೇಶನ್, ದೃಶ್ಯ-ಧ್ವನಿ ನಿರ್ಮಾಣ, ಗಣಕ ಆಟ ಮತ್ತು ಸಂವಾದಾತ್ಮಕ ಪರದೆಗಳನ್ನು ಅಭಿವ್ಯಕ್ತಿಯ ಸಾಧನವಾಗಿ ಬಳಸುವ ವಿದ್ಯೆಯನ್ನು ಕಲಿಸುವ ಸ್ನಾತಕೋತ್ತರ ಕೋರ್ಸ್‌ಗಳಿಗೆ ಅಭ್ಯರ್ಥಿಗಳು ಅರ್ಜಿ ಸಲ್ಲಿಸಿ ಆಯ್ಕೆಯಾಗುವ ಪ್ರಕ್ರಿಯೆಯಾಗಿದೆ. ಭಾರತದಲ್ಲಿ ಈ ವಿಷಯಕ್ಕೆ ಒಂದೇ ಹೆಸರಿನ ಪದವಿಯಾಗಲಿ, ಒಂದೇ ಪ್ರವೇಶ ಪರೀಕ್ಷೆಯಾಗಲಿ ಇಲ್ಲ. ವಿನ್ಯಾಸ ಸಂಸ್ಥೆಗಳು, ಪತ್ರಿಕೋದ್ಯಮ ವಿಭಾಗಗಳು, ಲಲಿತಕಲಾ ಕಾಲೇಜುಗಳು ಮತ್ತು ತಂತ್ರಜ್ಞಾನ ಸಂಸ್ಥೆಗಳು ಇದನ್ನು ಬೇರೆ ಬೇರೆ ಹೆಸರುಗಳಲ್ಲಿ ಕಲಿಸುತ್ತವೆ. ಅವುಗಳ ಅರ್ಹತೆ, ಪರೀಕ್ಷೆ ಮತ್ತು ವೇಳಾಪಟ್ಟಿಗಳೂ ಬೇರೆಯಾಗಿವೆ. ಪ್ರಮುಖ ಪ್ರವೇಶ ಪರೀಕ್ಷೆಗಳು ವರ್ಷಕ್ಕೆ ಒಮ್ಮೆ ಮಾತ್ರ ನಡೆಯುವುದರಿಂದ, ತಮ್ಮ ಪದವಿಗೆ ಹೊಂದದ ದಾರಿಯನ್ನು ಆರಿಸಿಕೊಂಡ ಅಭ್ಯರ್ಥಿಗೆ ಒಂದು ಇಡೀ ವರ್ಷ ನಷ್ಟವಾಗುತ್ತದೆ. ಕರ್ನಾಟಕದ ನಗರಗಳಿಂದ ದೂರವಿರುವ ಪ್ರದೇಶಗಳಲ್ಲಿ, ವಿಶೇಷವಾಗಿ ಅತ್ತಿಗುಂಡಿ, ಮೂಡಿಗೆರೆ, ಕಳಸ ಮೊದಲಾದ ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆಯಲ್ಲಿ, ಅರ್ಜಿಯ ಅವಧಿಯು ಕಾಫಿ ಕೊಯ್ಲಿನ ಅವಧಿಯೊಂದಿಗೆ ಕೂಡಿಬರುತ್ತದೆ.

ಹೆಸರು ಮತ್ತು ವ್ಯಾಪ್ತಿ

'ಡಿಜಿಟಲ್ ಮಾಧ್ಯಮ' ಎಂಬ ಹೆಸರು ಅಂಕೀಯ ರೂಪದಲ್ಲಿ ಸಂಗ್ರಹವಾಗಿ, ಗಣಕ ಅಥವಾ ಮೊಬೈಲ್ ಫೋನಿನ ಮೂಲಕ ತಲಪುವ ಪಠ್ಯ, ಚಿತ್ರ, ಧ್ವನಿ ಮತ್ತು ಚಲನಚಿತ್ರಗಳಿಗೆಲ್ಲ ಅನ್ವಯಿಸುತ್ತದೆ. ಶಿಕ್ಷಣ ಸಂಸ್ಥೆಗಳಲ್ಲಿ ಇದೇ ವಿಷಯವು ನವಮಾಧ್ಯಮ ವಿನ್ಯಾಸ, ಸಂವಾದಾತ್ಮಕ ವಿನ್ಯಾಸ, ಮಾಹಿತಿ ವಿನ್ಯಾಸ, ಡಿಜಿಟಲ್ ಆಟಗಳ ವಿನ್ಯಾಸ, ಅನಿಮೇಶನ್, ಎಲೆಕ್ಟ್ರಾನಿಕ್ ಮಾಧ್ಯಮ, ಸಮೂಹ ಸಂವಹನ ಮುಂತಾದ ಹೆಸರುಗಳಲ್ಲಿ ಕಾಣಸಿಗುತ್ತದೆ. ಹೀಗಾಗಿ 'ಡಿಜಿಟಲ್ ಮಾಧ್ಯಮ' ಎಂಬ ಹೆಸರನ್ನಷ್ಟೇ ಹುಡುಕುವ ಅಭ್ಯರ್ಥಿಗೆ ಹತ್ತಿರದಲ್ಲೇ ಇರುವ ಹಲವು ಕೋರ್ಸ್‌ಗಳು ಕಣ್ಣಿಗೆ ಬೀಳುವುದಿಲ್ಲ.

ಪದವಿಯ ಹೆಸರುಗಳಲ್ಲಿಯೂ ವ್ಯತ್ಯಾಸವಿದೆ. ವಿನ್ಯಾಸ ಸಂಸ್ಥೆಗಳು ಎಂ.ಡಿಸೈನ್ ಪದವಿಯನ್ನೂ, ಲಲಿತಕಲಾ ಕಾಲೇಜುಗಳು ಎಂವಿಎ ಅಥವಾ ಎಂಎಫ್‌ಎ ಪದವಿಯನ್ನೂ, ವಿಶ್ವವಿದ್ಯಾಲಯಗಳ ಸಂವಹನ ವಿಭಾಗಗಳು ಎಂಎ ಅಥವಾ ಎಂಎಸ್ಸಿ ಪದವಿಯನ್ನೂ ನೀಡುತ್ತವೆ. ಪದವಿಯ ಹೆಸರು ಮುಂದಿನ ಉದ್ಯೋಗ ಮತ್ತು ಸಂಶೋಧನೆಗೂ ಸಂಬಂಧಿಸಿದೆ. ಉದಾಹರಣೆಗೆ, ಕಾಲೇಜು ಅಧ್ಯಾಪಕ ಹುದ್ದೆಗೆ ಸಂಬಂಧಪಟ್ಟ ವಿಷಯದಲ್ಲಿ ಸ್ನಾತಕೋತ್ತರ ಪದವಿ ಇರಬೇಕಾಗುತ್ತದೆ.

ಹಿನ್ನೆಲೆ

ಭಾರತದಲ್ಲಿ ವಿನ್ಯಾಸ ಶಿಕ್ಷಣವು 1961ರಲ್ಲಿ ಅಹಮದಾಬಾದ್‌ನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಿಂದ ಸಾಂಸ್ಥಿಕ ರೂಪ ಪಡೆಯಿತು. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಸಲ್ಲಿಸಿದ ವರದಿ ಇದಕ್ಕೆ ತಳಹದಿಯಾಗಿತ್ತು. 1969ರಲ್ಲಿ ಬಾಂಬೆ ಐಐಟಿಯಲ್ಲಿ ಕೈಗಾರಿಕಾ ವಿನ್ಯಾಸ ಕೇಂದ್ರ ಆರಂಭವಾಯಿತು. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು 2014ರ ಕಾಯ್ದೆಯ ಮೂಲಕ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆ ಎಂಬ ಮಾನ್ಯತೆ ಪಡೆಯಿತು.

ಕರ್ನಾಟಕದಲ್ಲಿ ಖಾಸಗಿ ವಲಯದ ಸೃಷ್ಟಿ ಸಂಸ್ಥೆಯು 1996ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅದು ಈಗ ಮಣಿಪಾಲ ಉನ್ನತ ಶಿಕ್ಷಣ ಅಕಾಡೆಮಿಯ ಅಂಗವಾಗಿದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕ್ಯಾಂಪಸ್ 2006ರಲ್ಲಿ ತುಮಕೂರು ರಸ್ತೆಯಲ್ಲಿ ಕಾರ್ಯಾರಂಭ ಮಾಡಿತು. ಕರ್ನಾಟಕ ಸರ್ಕಾರವು ಅನಿಮೇಶನ್, ದೃಶ್ಯ ಪರಿಣಾಮ, ಆಟ ಮತ್ತು ಕಾಮಿಕ್ಸ್ ಉದ್ಯಮಗಳಿಗಾಗಿ 2012ರಲ್ಲಿ ಮೊದಲ ಬಾರಿಗೆ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ವಿಸ್ತರಿತ ವಾಸ್ತವ ತಂತ್ರಜ್ಞಾನವನ್ನೂ ಒಳಗೊಂಡ 2024-29ರ ನೀತಿಯು ಅದರ ಮುಂದುವರಿಕೆಯಾಗಿದೆ. ಉದ್ಯಮದ ಬಹುಪಾಲು ಬೆಂಗಳೂರಿನಲ್ಲಿಯೇ ನೆಲೆಸಿರುವುದರಿಂದ ಶಿಕ್ಷಣ ಸಂಸ್ಥೆಗಳೂ ಅಲ್ಲಿಯೇ ಕೇಂದ್ರೀಕೃತವಾಗಿವೆ.

ಪ್ರವೇಶದ ದಾರಿಗಳು

ರಾಷ್ಟ್ರೀಯ ವಿನ್ಯಾಸ ಸಂಸ್ಥೆ

ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಎಂ.ಡಿಸೈನ್ ಕೋರ್ಸ್‌ಗಳಿಗೆ ವಿನ್ಯಾಸ ಅಭಿರುಚಿ ಪರೀಕ್ಷೆಯ ಮೂಲಕ ಆಯ್ಕೆ ನಡೆಯುತ್ತದೆ. ಇದರಲ್ಲಿ ಪ್ರಿಲಿಮ್ಸ್ ಮತ್ತು ಮೇನ್ಸ್ ಎಂಬ ಎರಡು ಹಂತಗಳಿವೆ. ಮೊದಲ ಹಂತ ಲಿಖಿತ ಪರೀಕ್ಷೆ. ಸಾಮಾನ್ಯವಾಗಿ ಡಿಸೆಂಬರ್ ಕೊನೆಯಲ್ಲಿ ಅಥವಾ ಜನವರಿಯಲ್ಲಿ ನಡೆಯುತ್ತದೆ. ಅದರಲ್ಲಿ ತೇರ್ಗಡೆಯಾದವರಿಗೆ ಸ್ಟುಡಿಯೊ ಪರೀಕ್ಷೆ ಮತ್ತು ಸಂದರ್ಶನ ಇರುತ್ತವೆ. ಅಭ್ಯರ್ಥಿಯು ಅರ್ಜಿ ಸಲ್ಲಿಸುವಾಗಲೇ ತಾನು ಓದಬಯಸುವ ವಿಷಯವನ್ನು ಸೂಚಿಸಬೇಕು. ಬೆಂಗಳೂರು ಕ್ಯಾಂಪಸ್‌ನಲ್ಲಿ ಡಿಜಿಟಲ್ ಆಟಗಳ ವಿನ್ಯಾಸ, ಮಾಹಿತಿ ವಿನ್ಯಾಸ ಮತ್ತು ಸಂವಾದಾತ್ಮಕ ವಿನ್ಯಾಸ ವಿಷಯಗಳಿವೆ. ನವಮಾಧ್ಯಮ ವಿನ್ಯಾಸ ಗಾಂಧಿನಗರ ಕ್ಯಾಂಪಸ್‌ನಲ್ಲಿಯೂ, ಅನಿಮೇಶನ್ ಚಲನಚಿತ್ರ ವಿನ್ಯಾಸ ಅಹಮದಾಬಾದ್‌ನಲ್ಲಿಯೂ ಇವೆ. ಯಾವುದೇ ವಿಷಯದ ಪದವೀಧರರು ಪರೀಕ್ಷೆಗೆ ಕೂರಬಹುದಾದ್ದರಿಂದ ಬಿಎ, ಬಿಕಾಂ ಅಥವಾ ಬಿಎಸ್ಸಿ ಓದಿದವರಿಗೆ ಈ ದಾರಿ ಮುಖ್ಯವಾಗಿದೆ. ಆದರೆ ವಯೋಮಿತಿ ಇದೆ. ಮೀಸಲು ವರ್ಗಗಳಿಗೆ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಅದರಲ್ಲಿ ಸಡಿಲಿಕೆ ನೀಡಲಾಗುತ್ತದೆ.

ಸೀಡ್ ಪರೀಕ್ಷೆ

ಐಐಟಿಗಳು ಮತ್ತು ಇತರ ಕೆಲವು ಸಂಸ್ಥೆಗಳ ಎಂ.ಡಿಸೈನ್ ಕೋರ್ಸ್‌ಗಳಿಗೆ ಬಾಂಬೆ ಐಐಟಿಯು ನಡೆಸುವ ವಿನ್ಯಾಸದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸೀಡ್, ಬರೆಯಬೇಕು. ಇದು ಜನವರಿಯ ಒಂದು ಭಾನುವಾರ ಬೆಳಿಗ್ಗೆ ನಡೆಯುತ್ತದೆ; 2025ರಲ್ಲಿ ಜನವರಿ 19ರಂದು ನಡೆದಿತ್ತು. ಒಟ್ಟು ಅವಧಿ 3 ಗಂಟೆ. 'ಎ' ಭಾಗವು ಗಣಕದ ಮೇಲೆ ಉತ್ತರಿಸುವ ವಸ್ತುನಿಷ್ಠ ಪ್ರಶ್ನೆಗಳದ್ದು. 'ಬಿ' ಭಾಗವು ಕಾಗದದ ಮೇಲೆ ಚಿತ್ರ ಬಿಡಿಸಿ, ವಿವರಿಸಿ ಉತ್ತರಿಸುವಂಥದ್ದು. 'ಎ' ಭಾಗದಲ್ಲಿ ನಿಗದಿತ ಅಂಕ ಗಳಿಸಿದವರ 'ಬಿ' ಭಾಗವನ್ನು ಮಾತ್ರ ಮೌಲ್ಯಮಾಪನ ಮಾಡಲಾಗುತ್ತದೆ. ಅಂಕವು ಒಂದು ವರ್ಷ ಮಾತ್ರ ಮಾನ್ಯ. ವಯೋಮಿತಿಯಾಗಲಿ, ಪ್ರಯತ್ನಗಳ ಮಿತಿಯಾಗಲಿ ಇಲ್ಲ.

ಸೀಡ್ ತೇರ್ಗಡೆಯಾದ ಮಾತ್ರಕ್ಕೆ ಸೀಟು ದೊರೆಯುವುದಿಲ್ಲ. ಫಲಿತಾಂಶದ ನಂತರ ಪ್ರತಿಯೊಂದು ಸಂಸ್ಥೆಗೂ ಬೇರೆಯಾಗಿ ಅರ್ಜಿ ಸಲ್ಲಿಸಿ, ಅದು ನಡೆಸುವ ಪರೀಕ್ಷೆ ಅಥವಾ ಸಂದರ್ಶನವನ್ನು ಎದುರಿಸಬೇಕು. ಮೂರು ವರ್ಷದ ಪದವಿ ಇದ್ದರೆ ಸೀಡ್ ಬರೆಯಲು ಅವಕಾಶವಿದೆ. ಆದರೆ ಹಲವು ಸಂಸ್ಥೆಗಳು ಪ್ರವೇಶಕ್ಕೆ ಎಂಜಿನಿಯರಿಂಗ್, ವಾಸ್ತುಶಿಲ್ಪ, ವಿನ್ಯಾಸ ಅಥವಾ ನಾಲ್ಕು ವರ್ಷದ ಲಲಿತಕಲಾ ಪದವಿಯನ್ನು ಕೇಳುತ್ತವೆ. ಮೂರು ವರ್ಷದ ಬಿಎ ಪದವೀಧರರು ಪರೀಕ್ಷೆಯಲ್ಲಿ ಉತ್ತಮ ಅಂಕ ಗಳಿಸಿಯೂ ಪ್ರವೇಶಕ್ಕೆ ಅನರ್ಹರಾಗುವ ಸಾಧ್ಯತೆ ಇಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡಿಸೈನ್ ಕೋರ್ಸೂ ಎಂಜಿನಿಯರಿಂಗ್ ಮತ್ತು ಅದಕ್ಕೆ ಸಮೀಪದ ಪದವಿಗಳನ್ನು ಪಡೆದವರಿಗಾಗಿ ರೂಪುಗೊಂಡಿದೆ. ಆದ್ದರಿಂದ ಪರೀಕ್ಷೆಯ ಅರ್ಹತೆ ಮತ್ತು ಪ್ರವೇಶದ ಅರ್ಹತೆ ಎರಡನ್ನೂ ಅರ್ಜಿಗೆ ಮೊದಲೇ ಬೇರೆ ಬೇರೆಯಾಗಿ ನೋಡಿಕೊಳ್ಳಬೇಕಾಗುತ್ತದೆ.

ಪತ್ರಿಕೋದ್ಯಮ ಮತ್ತು ಸಂವಹನ ವಿಭಾಗಗಳು

ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಡಿಜಿಟಲ್ ಮಾಧ್ಯಮವನ್ನು ಮುಖ್ಯವಾಗಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗಗಳು ಬೋಧಿಸುತ್ತವೆ. ಚಿಕ್ಕಮಗಳೂರು ಜಿಲ್ಲೆಯು 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದ ಜ್ಞಾನಸಹ್ಯಾದ್ರಿ ಆವರಣದಲ್ಲಿ ಅದರ ಪತ್ರಿಕೋದ್ಯಮ ವಿಭಾಗವಿದೆ. ಮೈಸೂರು ಮತ್ತು ಮಂಗಳೂರು ವಿಶ್ವವಿದ್ಯಾಲಯಗಳಲ್ಲಿಯೂ ಇಂಥ ವಿಭಾಗಗಳಿವೆ. ಬೆಂಗಳೂರು ವಿಶ್ವವಿದ್ಯಾಲಯವು ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಪ್ರತ್ಯೇಕ ಸ್ನಾತಕೋತ್ತರ ಕೋರ್ಸ್ ನಡೆಸುತ್ತದೆ. ಇವುಗಳ ಪ್ರವೇಶವು ಪದವಿ ಫಲಿತಾಂಶದ ನಂತರ, ಸಾಮಾನ್ಯವಾಗಿ ಪದವಿಯ ಅಂಕ ಮತ್ತು ಮೀಸಲಾತಿಯ ಆಧಾರದಲ್ಲಿ, ಕೆಲವೆಡೆ ಪ್ರವೇಶ ಪರೀಕ್ಷೆಯ ಮೂಲಕ ನಡೆಯುತ್ತದೆ. ವೆಚ್ಚದ ದೃಷ್ಟಿಯಿಂದ ಖಾಸಗಿ ವಿನ್ಯಾಸ ಸಂಸ್ಥೆಗಳಿಗಿಂತ ಈ ದಾರಿ ಬಹಳ ಅಗ್ಗ. ಉದ್ಯೋಗದಲ್ಲಿದ್ದು ಓದುವವರಿಗೆ 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಕೋರ್ಸ್ ಇದೆ.

ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶಕ್ಕಾಗಿ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು 2022ರಿಂದ ಸಿಯುಇಟಿ-ಪಿಜಿ ಪರೀಕ್ಷೆಯನ್ನು ನಡೆಸುತ್ತಿದೆ. ಹೈದರಾಬಾದ್ ವಿಶ್ವವಿದ್ಯಾಲಯದ ಸರೋಜಿನಿ ನಾಯ್ಡು ಕಲೆ ಮತ್ತು ಸಂವಹನ ಶಾಲೆಯು ಈ ಗುಂಪಿನ ಪ್ರಮುಖ ಸಂಸ್ಥೆಗಳಲ್ಲಿ ಒಂದು.

ಇತರ ದಾರಿಗಳು

1999ರಲ್ಲಿ ಆರಂಭವಾದ ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು 'ಡಿಜಿಟಲ್ ಸೊಸೈಟಿ' ಎಂಬ ಎಂಎಸ್ಸಿ ಕೋರ್ಸನ್ನು ನಡೆಸುತ್ತದೆ. ತಂತ್ರಜ್ಞಾನ ಮತ್ತು ಸಮಾಜದ ಸಂಬಂಧವನ್ನು ಅಧ್ಯಯನ ಮಾಡುವ ಈ ಕೋರ್ಸ್‌ನಲ್ಲಿ ಮಾಧ್ಯಮ ನಿರ್ಮಾಣಕ್ಕಿಂತ ಅದರ ವಿಶ್ಲೇಷಣೆಗೆ ಹೆಚ್ಚಿನ ಒತ್ತಿದೆ. 1960ರಲ್ಲಿ ಸ್ಥಾಪಿತವಾದ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜು ಮತ್ತು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಗಳು ದೃಶ್ಯಕಲೆಯ ದಾರಿಯಿಂದ ಬರುವವರಿಗೆ ಸಂಬಂಧಿಸಿವೆ.

ಪದವಿಯ ಅವಧಿ

ಕರ್ನಾಟಕವು ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ಜಾರಿಗೆ ತಂದು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಇದರ ಪರಿಣಾಮವಾಗಿ ಒಂದೇ ಕಾಲೇಜಿನಲ್ಲಿ ಓದಿದ, ಕೆಲವೇ ವರ್ಷಗಳ ಅಂತರದ ವಿದ್ಯಾರ್ಥಿಗಳ ಬಳಿ ಬೇರೆ ಬೇರೆ ಅವಧಿಯ ಪದವಿಗಳಿರುತ್ತವೆ. ರಾಜ್ಯದ ವಿಶ್ವವಿದ್ಯಾಲಯಗಳ ಎಂಎ ಪ್ರವೇಶಕ್ಕೆ ಮೂರು ವರ್ಷದ ಪದವಿ ಸಾಕಾಗುತ್ತದೆ. ಕೆಲವು ಐಐಟಿಗಳು ಮತ್ತು ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ನಾಲ್ಕನೆಯ ವರ್ಷದ ಪ್ರಶ್ನೆ ಬರುತ್ತದೆ. ಮೂರು ವರ್ಷದ ಪದವಿಯ ಜೊತೆಗೆ ರಾಜ್ಯದಲ್ಲಿಯೇ ಎಂಎ ಮುಗಿಸಿ, ಆನಂತರ ಹೊರಗೆ ಅರ್ಜಿ ಸಲ್ಲಿಸುವವರೂ ಇದ್ದಾರೆ.

ಅರ್ಜಿಯ ಅಂಗಗಳು

ಪೋರ್ಟ್‌ಫೋಲಿಯೊ

ಪೋರ್ಟ್‌ಫೋಲಿಯೊ ಎಂದರೆ ಅಭ್ಯರ್ಥಿಯ ಆಯ್ದ ಕೆಲಸಗಳ ಸಂಪುಟ. ವಿನ್ಯಾಸ ಸಂಸ್ಥೆಗಳ ಸಂದರ್ಶನದಲ್ಲಿಯೂ ವಿದೇಶಿ ಅರ್ಜಿಗಳಲ್ಲಿಯೂ ಇದಕ್ಕೆ ಪದವಿಯ ಅಂಕಗಳಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನ, ತೂಕವಿರುತ್ತದೆ. ಇದರಲ್ಲಿ ರೇಖಾಚಿತ್ರ, ಛಾಯಾಚಿತ್ರ, ಕಿರುಚಿತ್ರ, ಧ್ವನಿಮುದ್ರಣ, ಜಾಲತಾಣ, ಆಟದ ಮಾದರಿ ಮುಂತಾದವುಗಳನ್ನು ಸೇರಿಸಬಹುದು. ಪೂರ್ಣಗೊಂಡ ಕೃತಿಯ ಜೊತೆಗೆ ಅದು ರೂಪುಗೊಂಡ ಬಗೆ, ಅಂದರೆ ಮೊದಲ ಗೀಚುಗಳು, ಕೈಬಿಟ್ಟ ಪ್ರಯತ್ನಗಳು ಮತ್ತು ಬದಲಾವಣೆಗೆ ಕಾರಣ, ಇವನ್ನೂ ಆಯ್ಕೆ ಮಂಡಳಿಗಳು ನೋಡುತ್ತವೆ. ತಂಡದಲ್ಲಿ ಮಾಡಿದ ಕೆಲಸವಾದರೆ ಅದರಲ್ಲಿ ಅಭ್ಯರ್ಥಿಯ ಪಾಲೆಷ್ಟು ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು.

ದುಬಾರಿ ಉಪಕರಣ ಪೋರ್ಟ್‌ಫೋಲಿಯೊಗೆ ಅನಿವಾರ್ಯವಲ್ಲ. ಕಾಗದದ ಮೇಲಿನ ಚಿತ್ರಗಳನ್ನು ಹಗಲು ಬೆಳಕಿನಲ್ಲಿ ಮೊಬೈಲ್ ಫೋನಿನಿಂದ ತೆಗೆದು ಸೇರಿಸಬಹುದು. ಬ್ಲೆಂಡರ್, ಕ್ರಿತ, ಇಂಕ್‌ಸ್ಕೇಪ್, ಗಿಂಪ್ ಮತ್ತು ಗೊಡಾಟ್ ಎಂಬ ಮುಕ್ತ ತಂತ್ರಾಂಶಗಳು ಮೂರು ಆಯಾಮದ ಚಿತ್ರಣ, ಚಿತ್ರಕಲೆ, ರೇಖಾ ವಿನ್ಯಾಸ, ಛಾಯಾಚಿತ್ರ ಸಂಸ್ಕರಣೆ ಮತ್ತು ಆಟದ ನಿರ್ಮಾಣಕ್ಕೆ ಉಚಿತವಾಗಿ ದೊರೆಯುತ್ತವೆ.

ಕನ್ನಡ ಪಠ್ಯವಿರುವ ಪೋರ್ಟ್‌ಫೋಲಿಯೊದಲ್ಲಿ ಅಕ್ಷರ ಸಂಕೇತದ ತೊಡಕು ಎದುರಾಗುತ್ತದೆ. ಕನ್ನಡ ಲಿಪಿಯು 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿದೆ. ಆದರೂ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಂತಹ, ಯೂನಿಕೋಡ್ ಅಲ್ಲದ ಶೈಲಿಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವು ಆ ಶೈಲಿ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತದೆ. ಪಠ್ಯವನ್ನು ಯೂನಿಕೋಡ್‌ನಲ್ಲಿ ಸಿದ್ಧಪಡಿಸಿ, ಅಕ್ಷರಶೈಲಿಯನ್ನು ಪಿಡಿಎಫ್ ಕಡತದೊಳಗೇ ಅಡಕಗೊಳಿಸಿದರೆ ಈ ತೊಂದರೆ ತಪ್ಪುತ್ತದೆ.

ಉದ್ದೇಶ ಪತ್ರ

ಅಭ್ಯರ್ಥಿಯು ಏನನ್ನು, ಏಕೆ ಮತ್ತು ಅದೇ ಸಂಸ್ಥೆಯಲ್ಲಿ ಏಕೆ ಓದಬಯಸುತ್ತಾನೆ ಅಥವಾ ಓದಬಯಸುತ್ತಾಳೆ ಎಂಬುದನ್ನು ವಿವರಿಸುವ ಬರಹವೇ ಉದ್ದೇಶ ಪತ್ರ. ಖಾಸಗಿ ಸಂಸ್ಥೆಗಳು ಮತ್ತು ವಿದೇಶಿ ವಿಶ್ವವಿದ್ಯಾಲಯಗಳು ಇದನ್ನು ಕಡ್ಡಾಯವಾಗಿ ಕೇಳುತ್ತವೆ. ಬಾಲ್ಯದಿಂದಲೇ ಗಣಕದಲ್ಲಿ ಆಸಕ್ತಿ ಇತ್ತು ಎಂಬಂಥ ಸಾಮಾನ್ಯ ಮಾತುಗಳು ಎಲ್ಲ ಅರ್ಜಿಗಳಲ್ಲಿಯೂ ಇರುವುದರಿಂದ ಆಯ್ಕೆಗೆ ನೆರವಾಗುವುದಿಲ್ಲ. ಮಾಡಿದ ಒಂದು ಕೆಲಸ, ಅದರಿಂದ ಹುಟ್ಟಿದ ಒಂದು ಪ್ರಶ್ನೆ, ಆ ಪ್ರಶ್ನೆಗೆ ಕೋರ್ಸ್‌ನ ಯಾವ ಭಾಗ ಸಂಬಂಧಿಸಿದೆ ಎಂಬ ವಿವರ ಇದ್ದಾಗ ಪತ್ರಕ್ಕೆ ನಿರ್ದಿಷ್ಟತೆ ಬರುತ್ತದೆ. ಇನ್ನೊಬ್ಬರ ಪತ್ರದಿಂದ ನಕಲು ಮಾಡಿದ ಭಾಗಗಳು ಪತ್ತೆಯಾದರೆ ಅರ್ಜಿ ತಿರಸ್ಕೃತವಾಗಬಹುದು.

ಶಿಫಾರಸು ಪತ್ರಗಳು

ವಿದೇಶಿ ಅರ್ಜಿಗಳಿಗೆ ಸಾಮಾನ್ಯವಾಗಿ ಎರಡು ಅಥವಾ ಮೂರು ಶಿಫಾರಸು ಪತ್ರಗಳು ಬೇಕು. ಇವನ್ನು ಅಧ್ಯಾಪಕರು ತಮ್ಮ ಸಾಂಸ್ಥಿಕ ಇಮೇಲ್ ವಿಳಾಸದಿಂದ ನೇರವಾಗಿ ಸಲ್ಲಿಸಬೇಕೆಂದು ಹಲವು ವಿಶ್ವವಿದ್ಯಾಲಯಗಳು ನಿಯಮ ಮಾಡಿವೆ. ಸಾಂಸ್ಥಿಕ ಇಮೇಲ್ ಇಲ್ಲದ ಕಾಲೇಜುಗಳ ವಿದ್ಯಾರ್ಥಿಗಳು ಪ್ರವೇಶ ಕಚೇರಿಗೆ ಮೊದಲೇ ಬರೆದು ಪರ್ಯಾಯ ವಿಧಾನವನ್ನು ಕೇಳಿ ತಿಳಿದುಕೊಳ್ಳಬೇಕಾಗುತ್ತದೆ. ಅರೆಕಾಲಿಕ ಅತಿಥಿ ಉಪನ್ಯಾಸಕರು ವರ್ಷದ ಕೊನೆಗೆ ಬೇರೆಡೆಗೆ ಹೋಗುವುದು ಸಾಮಾನ್ಯವಾದ್ದರಿಂದ ಪದವಿ ಮುಗಿಯುವ ಮೊದಲೇ ಅವರ ಒಪ್ಪಿಗೆ ಪಡೆಯುವುದು ವಾಡಿಕೆ.

ಮೀಸಲಾತಿ ಮತ್ತು ಪ್ರಮಾಣಪತ್ರಗಳು

ಕೇಂದ್ರ ಸರ್ಕಾರದ ಶಿಕ್ಷಣ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5, ಕೆನೆಪದರಕ್ಕೆ ಸೇರದ ಇತರ ಹಿಂದುಳಿದ ವರ್ಗಗಳಿಗೆ ಶೇ. 27 ಮತ್ತು ಆರ್ಥಿಕವಾಗಿ ದುರ್ಬಲರಾದ ಇತರರಿಗೆ ಶೇ. 10 ಮೀಸಲಾತಿ ಇದೆ. ಕರ್ನಾಟಕದ ಪ್ರವರ್ಗ 1, 2ಎ, 2ಬಿ, 3ಎ ಮತ್ತು 3ಬಿ ವರ್ಗೀಕರಣವು ರಾಜ್ಯದ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ. ರಾಜ್ಯದ ಪಟ್ಟಿಯೂ ಕೇಂದ್ರದ ಪಟ್ಟಿಯೂ ಒಂದೇ ಅಲ್ಲ. ರಾಜ್ಯದಲ್ಲಿ ಹಿಂದುಳಿದ ವರ್ಗವೆಂದು ಪರಿಗಣಿತವಾದ ಸಮುದಾಯವು ಕೇಂದ್ರದ ಪಟ್ಟಿಯಲ್ಲಿ ಇಲ್ಲದಿರಬಹುದು. ಅಂಥವರು ಆದಾಯ ಮತ್ತು ಆಸ್ತಿಯ ಮಿತಿಗೆ ಒಳಪಟ್ಟಿದ್ದರೆ ಕೇಂದ್ರದ ಸಂಸ್ಥೆಗಳಲ್ಲಿ ಆರ್ಥಿಕ ದುರ್ಬಲ ವರ್ಗದಡಿ ಅರ್ಜಿ ಸಲ್ಲಿಸಲು ಸಾಧ್ಯವಿದೆ. ಈ ವರ್ಗಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿ 8 ಲಕ್ಷ ರೂಪಾಯಿ. 5 ಎಕರೆ ಅಥವಾ ಹೆಚ್ಚು ಕೃಷಿಭೂಮಿ ಇರುವ ಕುಟುಂಬಗಳು ಅರ್ಹವಾಗುವುದಿಲ್ಲ.

ಪ್ರಮಾಣಪತ್ರಗಳಿಗಾಗಿ ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ ಅರ್ಜಿ ಸಲ್ಲಿಸಬೇಕು. ಕೇಂದ್ರದ ಸಂಸ್ಥೆಗಳು ಕೇಳುವುದು ಕೇಂದ್ರ ಸರ್ಕಾರ ನಿಗದಿಪಡಿಸಿದ ನಮೂನೆಯ ಪತ್ರವನ್ನು. ರಾಜ್ಯದ ನಮೂನೆಯಲ್ಲಿ ಪಡೆದ ಜಾತಿ ಮತ್ತು ಆದಾಯ ಪತ್ರವನ್ನು ಲಗತ್ತಿಸಿದವರ ಅರ್ಜಿಯು ಸಾಮಾನ್ಯ ವರ್ಗಕ್ಕೆ ಬದಲಾಗುವ ಸಂಭವವಿದೆ. ಕೆನೆಪದರಕ್ಕೆ ಸೇರದವರೆಂಬ ಪತ್ರ ಮತ್ತು ಆರ್ಥಿಕ ದುರ್ಬಲ ವರ್ಗದ ಪತ್ರಗಳು ಇತ್ತೀಚಿನವಾಗಿರಬೇಕು. ಯಾವ ದಿನಾಂಕದ ನಂತರ ಪಡೆದಿರಬೇಕೆಂಬುದನ್ನು ಆಯಾ ವರ್ಷದ ಕೈಪಿಡಿಯಲ್ಲಿ ಪ್ರಕಟಿಸಲಾಗುತ್ತದೆ.

ಕಾಫಿ ಸೀಮೆಯ ಅಭ್ಯರ್ಥಿಗಳು

ಅತ್ತಿಗುಂಡಿಯು ಚಿಕ್ಕಮಗಳೂರು ನಗರದಿಂದ ಬಾಬಾಬುಡನ್‌ಗಿರಿಗೆ ಹೋಗುವ ರಸ್ತೆಯಲ್ಲಿರುವ ಊರು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನೊಳಗೊಂಡ ಚಂದ್ರದ್ರೋಣ ಪರ್ವತಶ್ರೇಣಿಯ ಮಡಿಲಲ್ಲಿ ಇದು ನೆಲೆಸಿದೆ. ಮೂಡಿಗೆರೆ ಮತ್ತು ಕಳಸ ತಾಲ್ಲೂಕುಗಳೂ ಜಿಲ್ಲೆಯ ಇದೇ ಕಾಫಿ ಸೀಮೆಗೆ ಸೇರಿವೆ. ಇಲ್ಲಿನ ಪದವಿ ವಿದ್ಯಾರ್ಥಿಗಳಲ್ಲಿ ಅನೇಕರು ಚಿಕ್ಕಮಗಳೂರಿನ ಐಡಿಎಸ್‌ಜಿ ಸರ್ಕಾರಿ ಕಾಲೇಜು, ತಾಲ್ಲೂಕು ಕೇಂದ್ರಗಳ ಪ್ರಥಮ ದರ್ಜೆ ಕಾಲೇಜುಗಳು ಮತ್ತು 1980ರಲ್ಲಿ ಆರಂಭವಾದ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯಗಳಲ್ಲಿ ಓದುತ್ತಾರೆ.

ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ, ರೊಬಸ್ಟಾ ಕೊಯ್ಲು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ನಡೆಯುತ್ತದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಮತ್ತು ಸೀಡ್‌ನ ಅರ್ಜಿ ಹಾಗೂ ಪರೀಕ್ಷೆ, ಅಮೆರಿಕದ ವಿಶ್ವವಿದ್ಯಾಲಯಗಳ ಕೊನೆಯ ದಿನಾಂಕ, ಎಲ್ಲವೂ ಇದೇ ಅವಧಿಗೆ ಬರುತ್ತವೆ. ಸಣ್ಣ ಬೆಳೆಗಾರರ ಮನೆಗಳಲ್ಲಿ ಹಣ್ಣು ಕೊಯ್ಯುವ, ಪಲ್ಪಿಂಗ್ ಮಾಡುವ ಮತ್ತು ಕಣದಲ್ಲಿ ಒಣಗಿಸುವ ಕೆಲಸಕ್ಕೆ ಮನೆಮಂದಿಯೆಲ್ಲ ಬೇಕಾಗುತ್ತಾರೆ. ತೋಟದ ಲೈನ್ ಮನೆಗಳ ಕಾರ್ಮಿಕ ಕುಟುಂಬಗಳಿಗೆ ವರ್ಷದಲ್ಲಿ ಹೆಚ್ಚು ಕೂಲಿ ದೊರೆಯುವ ಕಾಲವೂ ಇದೇ ಆಗಿದೆ. ಬೆಳೆ ಮಾರಾಟವಾಗಿ ಹಣ ಕೈಸೇರುವುದು ಅದರ ನಂತರ. ಅರ್ಜಿ ಶುಲ್ಕ ಮತ್ತು ಪ್ರಯಾಣದ ಖರ್ಚು ಬರುವುದು ಅದಕ್ಕೆ ಮೊದಲು. ಮಳೆಗಾಲದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳು ಹೋಲಿಕೆಯಲ್ಲಿ ಬಿಡುವಿನವು. ಪೋರ್ಟ್‌ಫೋಲಿಯೊವನ್ನು ಆ ಅವಧಿಯಲ್ಲಿ ಸಿದ್ಧಪಡಿಸಿಕೊಂಡವರಿಗೆ ನವೆಂಬರ್‌ನಲ್ಲಿ ಉಳಿಯುವುದು ಅರ್ಜಿ ತುಂಬುವ ಕೆಲಸ ಮಾತ್ರ.

ಸಂಪರ್ಕ ವ್ಯವಸ್ಥೆಯ ಕೊರತೆ ಇನ್ನೊಂದು ತೊಡಕು. 2020-21ರ ಆನ್‌ಲೈನ್ ತರಗತಿಗಳ ಕಾಲದಲ್ಲಿ ಮಲೆನಾಡಿನ ಹಲವು ಹಳ್ಳಿಗಳ ವಿದ್ಯಾರ್ಥಿಗಳು ಮೊಬೈಲ್ ಸಿಗ್ನಲ್ ಅರಸಿ ಗುಡ್ಡ ಹತ್ತಬೇಕಾಗಿ ಬಂದುದು ವ್ಯಾಪಕವಾಗಿ ವರದಿಯಾಗಿತ್ತು. ಅರ್ಜಿಯ ಕೊನೆಯ ದಿನ ಜಾಲತಾಣಗಳ ಮೇಲೆ ಒತ್ತಡ ಹೆಚ್ಚಿರುವುದರಿಂದ, ದುರ್ಬಲ ಸಂಪರ್ಕದಲ್ಲಿ ದೊಡ್ಡ ಕಡತಗಳನ್ನು ಏರಿಸುವುದು ಮತ್ತು ಶುಲ್ಕ ಪಾವತಿಸುವುದು ವಿಫಲವಾಗುವ ಸಂಭವ ಹೆಚ್ಚು. 2022ರಲ್ಲಿ ರಾಜ್ಯದಾದ್ಯಂತ ಆರಂಭವಾದ ಗ್ರಾಮ ಒನ್ ಕೇಂದ್ರಗಳು ಸರ್ಕಾರಿ ಸೇವೆಗಳ ಅರ್ಜಿಗಳನ್ನು ಹಳ್ಳಿಯಲ್ಲೇ ಸಲ್ಲಿಸಲು ಅನುವು ಮಾಡಿಕೊಟ್ಟಿವೆ.

ಸೀಡ್ ಮತ್ತು ವಿನ್ಯಾಸ ಸಂಸ್ಥೆಯ ಪರೀಕ್ಷೆಗಳಿಗೆ ಬೆಂಗಳೂರು ಒಂದು ಕೇಂದ್ರವಾಗಿದೆ. ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಸುಮಾರು 245 ಕಿ.ಮೀ. ಇದೆ. ಬೆಳಗಿನ ಪರೀಕ್ಷೆಗೆ ಗಿರಿಯ ಊರುಗಳಿಂದ ಹೊರಡುವವರು ಹಿಂದಿನ ದಿನವೇ ಪ್ರಯಾಣ ಮಾಡಿ ನಗರದಲ್ಲಿ ತಂಗಬೇಕಾಗುತ್ತದೆ. ಚಿಕ್ಕಮಗಳೂರಿಗೆ 2013ರಲ್ಲಿ ಕಡೂರಿನಿಂದ ರೈಲು ಸಂಪರ್ಕ ದೊರೆಯಿತು. ಡಿಸೆಂಬರ್‌ನ ಆಸುಪಾಸಿನಲ್ಲಿ ಬರುವ ದತ್ತ ಜಯಂತಿಯ ದಿನಗಳಲ್ಲಿ ಗಿರಿ ರಸ್ತೆಯಲ್ಲಿ ಸಂಚಾರ ನಿರ್ಬಂಧಗಳಿರುವುದುಂಟು.

ವಿಷಯದ ಆಯ್ಕೆಯಲ್ಲಿ ಈ ಪ್ರದೇಶಕ್ಕೆ ಅನುಕೂಲವೂ ಇದೆ. ಕಾಫಿ ಹೂಮಳೆಯ ದಾಖಲಾತಿ, ಆನೆಗಳ ಚಲನವಲನದ ನಕ್ಷೆ, ತೋಟದ ಕಾರ್ಮಿಕರಿಗೆ ಧ್ವನಿಯ ಮೂಲಕ ಹವಾಮಾನ ತಿಳಿಸುವ ಆ್ಯಪ್‌ನ ಮಾದರಿ ಮುಂತಾದವು ಮಾಹಿತಿ ವಿನ್ಯಾಸ ಮತ್ತು ಸಂವಾದಾತ್ಮಕ ವಿನ್ಯಾಸಗಳಿಗೆ ಸಹಜವಾಗಿ ಒದಗುವ ವಸ್ತುಗಳು. 1925ರಲ್ಲಿ ಸ್ಥಾಪನೆಯಾದ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯು ಇಂಥ ಕೆಲಸಕ್ಕೆ ಮಾಹಿತಿಯ ಮೂಲವಾಗಬಲ್ಲದು. ಮೂಡಿಗೆರೆಯಲ್ಲಿ ನೆಲೆಸಿದ್ದ ಲೇಖಕ ಕೆ. ಪಿ. ಪೂರ್ಣಚಂದ್ರ ತೇಜಸ್ವಿ (1938-2007) ಸಾಹಿತ್ಯ, ಹಕ್ಕಿಗಳ ಛಾಯಾಗ್ರಹಣ, ಚಿತ್ರಕಲೆ ಮತ್ತು ಕನ್ನಡ ತಂತ್ರಾಂಶದ ಆಸಕ್ತಿಗಳನ್ನು ಒಟ್ಟಿಗೆ ಬೆಳೆಸಿಕೊಂಡಿದ್ದರು. ಹಲವು ಮಾಧ್ಯಮಗಳನ್ನು ಸ್ಥಳೀಯ ವಸ್ತುವಿನ ಸುತ್ತ ಬಳಸಿದ್ದಕ್ಕೆ ಇದು ಈ ಭಾಗದ ಪ್ರಮುಖ ನಿದರ್ಶನವಾಗಿದೆ.

ವೆಚ್ಚ ಮತ್ತು ನೆರವು

ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ಅರ್ಜಿ ಸಲ್ಲಿಸಲಾಗುತ್ತದೆ. ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗಾಗಿ ವಿದ್ಯಾಸಿರಿ ಯೋಜನೆ ಇದೆ. 2021ರಲ್ಲಿ ಆರಂಭವಾದ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಯೋಜನೆಯಲ್ಲಿ ರೈತರ ಮಕ್ಕಳಿಗೆ ಸ್ನಾತಕೋತ್ತರ ಹಂತದಲ್ಲಿ ವಾರ್ಷಿಕ 10,000 ರೂಪಾಯಿ, ವಿದ್ಯಾರ್ಥಿನಿಯರಿಗೆ 11,000 ರೂಪಾಯಿ ನಿಗದಿಯಾಗಿತ್ತು. ಅಲ್ಪಸಂಖ್ಯಾತರಿಗಾಗಿ ಅರಿವು ಸಾಲ ಯೋಜನೆಯೂ, ವಿದೇಶ ವ್ಯಾಸಂಗ ಮಾಡುವ ಪರಿಶಿಷ್ಟರಿಗಾಗಿ ಪ್ರಬುದ್ಧ ಯೋಜನೆಯೂ ರೂಪುಗೊಂಡಿವೆ.

ಬ್ಯಾಂಕುಗಳ ಮಾದರಿ ಶೈಕ್ಷಣಿಕ ಸಾಲ ಯೋಜನೆಯಲ್ಲಿ 7.5 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಬೇಕಿಲ್ಲ. ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಅಡಮಾನ ಕೇಳಲಾಗುತ್ತದೆ. ಸ್ವಂತ ಪಹಣಿ ಇಲ್ಲದ ತೋಟ ಕಾರ್ಮಿಕರ ಮಕ್ಕಳಿಗೆ ಈ ಗೆರೆಯೇ ಖಾಸಗಿ ಸಂಸ್ಥೆ ಮತ್ತು ವಿದೇಶ ವ್ಯಾಸಂಗದ ಮಿತಿಯಾಗಿ ಪರಿಣಮಿಸುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯು ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಅಡಮಾನ ಮತ್ತು ಜಾಮೀನುದಾರರಿಲ್ಲದೆ ಸಾಲ ನೀಡಲು ಅವಕಾಶ ಕಲ್ಪಿಸಿದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿವರೆಗೆ ಇದ್ದು, ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಅಥವಾ ಬಡ್ಡಿ ರಿಯಾಯಿತಿ ಪಡೆಯದವರಿಗೆ 10 ಲಕ್ಷ ರೂಪಾಯಿವರೆಗಿನ ಸಾಲದ ಬಡ್ಡಿಯಲ್ಲಿ ಶೇ. 3ರಷ್ಟು ರಿಯಾಯಿತಿ ಇದೆ. ಈ ಸೌಲಭ್ಯ ಭಾರತದೊಳಗಿನ ಸಂಸ್ಥೆಗಳಿಗೆ ಸೀಮಿತವಾಗಿದೆ.

ವಿದೇಶಿ ವಿಶ್ವವಿದ್ಯಾಲಯಗಳು

'ಡಿಜಿಟಲ್ ಮಾಧ್ಯಮ' ಎಂಬ ಹೆಸರಿನಲ್ಲಿಯೇ ಸ್ನಾತಕೋತ್ತರ ಪದವಿ ನೀಡುವ ಸಂಸ್ಥೆಗಳು ವಿದೇಶಗಳಲ್ಲಿವೆ. ಅಮೆರಿಕದ ಜಾರ್ಜಿಯಾ ಟೆಕ್‌ನ ಕೋರ್ಸ್ 1993ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾಗಿ ನಂತರ ಈ ಹೆಸರು ಪಡೆಯಿತು. ಕೆನಡಾದ ವ್ಯಾಂಕೂವರ್‌ನಲ್ಲಿ ನಾಲ್ಕು ಶಿಕ್ಷಣ ಸಂಸ್ಥೆಗಳು ಸೇರಿ ನಡೆಸುವ ಡಿಜಿಟಲ್ ಮಾಧ್ಯಮ ಕೇಂದ್ರವು 2007ರಲ್ಲಿ ಪ್ರಾರಂಭವಾಯಿತು. ಜರ್ಮನಿಯ ಬ್ರೆಮೆನ್‌ನಲ್ಲಿ ವಿಶ್ವವಿದ್ಯಾಲಯ ಮತ್ತು ಕಲಾ ವಿದ್ಯಾಲಯಗಳು ಜಂಟಿಯಾಗಿ ಇದನ್ನು ಬೋಧಿಸುತ್ತವೆ.

ಇಂಗ್ಲಿಷ್ ಭಾಷಾ ಸಾಮರ್ಥ್ಯಕ್ಕಾಗಿ ಟೋಫೆಲ್ ಅಥವಾ ಐಇಎಲ್‌ಟಿಎಸ್ ಅಂಕ ಬೇಕಾಗುತ್ತದೆ. ಇವೆರಡರ ಅಂಕವೂ 2 ವರ್ಷ ಮಾನ್ಯ. ಜರ್ಮನಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ ಕಡ್ಡಾಯವಾಗಿದೆ. ಅಲ್ಲಿನ ಬಹುತೇಕ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ವೀಸಾಕ್ಕಾಗಿ ಒಂದು ವರ್ಷದ ಜೀವನವೆಚ್ಚವನ್ನು ನಿರ್ಬಂಧಿತ ಖಾತೆಯಲ್ಲಿ ತೋರಿಸಬೇಕು; 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ 11,904 ಯೂರೊ ಆಗಿದೆ.

ಭಾಷೆ

ಸೀಡ್ ಪರೀಕ್ಷೆ ಇಂಗ್ಲಿಷ್‌ನಲ್ಲಿದೆ. ವಿನ್ಯಾಸ ಸಂಸ್ಥೆಗಳ ಸ್ನಾತಕೋತ್ತರ ಬೋಧನೆಯೂ ಇಂಗ್ಲಿಷ್‌ನಲ್ಲಿಯೇ ನಡೆಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 'ಎ' ಭಾಗದ ಪಠ್ಯಪ್ರಶ್ನೆಗಳು ಮತ್ತು ಸಂದರ್ಶನ ಹೆಚ್ಚು ಕಷ್ಟವಾಗುತ್ತವೆ. ಚಿತ್ರದ ಮೂಲಕ ಉತ್ತರಿಸುವ ಭಾಗದಲ್ಲಿ ಭಾಷೆಯ ಅಡ್ಡಿ ಕಡಿಮೆ. ರಾಜ್ಯದ ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳಲ್ಲಿ ಕನ್ನಡ ಬರವಣಿಗೆಗೆ ಸ್ಥಾನವಿದೆ. ಕನ್ನಡದ ಸುದ್ದಿ ಜಾಲತಾಣ, ಧ್ವನಿ ಕಾರ್ಯಕ್ರಮ ಮತ್ತು ಅಕ್ಷರಶೈಲಿ ವಿನ್ಯಾಸ ಕ್ಷೇತ್ರಗಳಲ್ಲಿ ಕೆಲಸ ಮಾಡಬಯಸುವವರಿಗೆ ಕನ್ನಡದ ಬಳಕೆಯೇ ಅರ್ಹತೆಯಾಗಿದೆ.

ಇವನ್ನೂ ನೋಡಿ

ರಾಷ್ಟ್ರೀಯ ವಿನ್ಯಾಸ ಸಂಸ್ಥೆ
ಕುವೆಂಪು ವಿಶ್ವವಿದ್ಯಾಲಯ
ಪತ್ರಿಕೋದ್ಯಮ
ಅನಿಮೇಶನ್
ಯೂನಿಕೋಡ್
ಚಿಕ್ಕಮಗಳೂರು ಜಿಲ್ಲೆ